ಶಾಲೆಯ ಹಣಕ್ಕೆ ಸಂವಿಧಾನದ ರಕ್ಷಣೆ ಬೇಕೆ? ಕ್ಯಾಲಿಫೋರ್ನಿಯಾದ ಪ್ರಪೊಸಿಷನ್ 76ರ ಬಗ್ಗೆ ಒಂದು ಚರ್ಚೆ

ಸ್ಯಾನ್ ಹೋಸೆ ನಿವಾಸಿ

ಸರ್ಕಾರ ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕು ಎಂಬುದನ್ನು ರಾಜ್ಯದ ಸಂವಿಧಾನದಲ್ಲೇ ಬರೆದಿಡುವುದು ಸರಿಯೇ? ಬರೆದಾದ ಮೇಲೆ ಕಷ್ಟದ ವರ್ಷದಲ್ಲಿ ಅದನ್ನು ಸಡಿಲಿಸುವ ಅಧಿಕಾರ ಯಾರ ಕೈಯಲ್ಲಿರಬೇಕು? ಕ್ಯಾಲಿಫೋರ್ನಿಯಾದ ಮತದಾರರು 2005ರ ನವೆಂಬರ್ 8ರಂದು ಈ ಪ್ರಶ್ನೆಗೆ ಉತ್ತರ ಕೊಟ್ಟರು. ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಕರೆದಿದ್ದ ಆ ವಿಶೇಷ ಚುನಾವಣೆಯಲ್ಲಿ ಮತದಾರರೇ ನೇರವಾಗಿ ಒಪ್ಪುವ ಇಲ್ಲವೇ ತಿರಸ್ಕರಿಸುವ ಎಂಟು ಪ್ರಸ್ತಾವಗಳಿದ್ದವು (ಇವನ್ನೇ ಇಲ್ಲಿ ಪ್ರಪೊಸಿಷನ್ ಎನ್ನುತ್ತಾರೆ), ಎಂಟೂ ಬಿದ್ದವು. ಅವುಗಳಲ್ಲಿ ರಾಜ್ಯದ ವೆಚ್ಚಕ್ಕೂ ಶಾಲಾ ಅನುದಾನಕ್ಕೂ ಮಿತಿ ಹಾಕಹೊರಟ ಪ್ರಪೊಸಿಷನ್ 76ರ ವಿರುದ್ಧ ಸುಮಾರು ಶೇ. 62ರಷ್ಟು ಮತ ಬಿತ್ತು.

ಆ ಸೋಲನ್ನು "ಶಿಕ್ಷಕರ ಸಂಘ ಹಣ ಸುರಿದು ಗೆದ್ದಿತು" ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುವವರನ್ನು ನಾನು ಬಹಳ ನೋಡಿದ್ದೇನೆ. ಸಂಘ ದೊಡ್ಡ ಮೊತ್ತ ಖರ್ಚು ಮಾಡಿದ್ದು ನಿಜ. ಆದರೆ ಪ್ರಸ್ತಾವದಲ್ಲಿ ಏನು ಬರೆದಿತ್ತು ಎಂಬುದನ್ನು ಓದಿದರೆ ಜನ ಬೇರೆಯದೇ ಕಾರಣಕ್ಕೆ ಹಿಂಜರಿದರು ಎಂದು ನನಗೆ ಖಚಿತವಾಗಿ ಅನಿಸುತ್ತದೆ.

ಹಿನ್ನೆಲೆ ಇಲ್ಲದೆ ಇದು ಅರ್ಥವಾಗುವುದಿಲ್ಲ. 1978ರ ಜೂನ್‌ನಲ್ಲಿ ಪ್ರಪೊಸಿಷನ್ 13 ಬಂತು. ಆಸ್ತಿ ತೆರಿಗೆ ಶೇ. 1ಕ್ಕೆ ನಿಂತಿತು, ಮನೆ ಕೈ ಬದಲಾಯಿಸುವವರೆಗೆ ತೆರಿಗೆಯ ಲೆಕ್ಕಕ್ಕೆ ಹಿಡಿಯುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ, ರಾಜ್ಯದ ತೆರಿಗೆ ಏರಿಸಲು ಶಾಸನಸಭೆಯ ಮೂರನೇ ಎರಡು ಭಾಗದ ಒಪ್ಪಿಗೆ ಬೇಕು. ಸ್ಥಳೀಯ ಆಸ್ತಿ ತೆರಿಗೆಯಿಂದ ನಡೆಯುತ್ತಿದ್ದ ಶಾಲೆಗಳು ರಾಜ್ಯದ ಖಜಾನೆಯ ಕಡೆ ಕೈಚಾಚಬೇಕಾಯಿತು. ಮರುವರ್ಷವೇ ಪ್ರಪೊಸಿಷನ್ 4 ಸರ್ಕಾರದ ಒಟ್ಟು ವೆಚ್ಚಕ್ಕೂ ಮಿತಿ ಹಾಕಿತು. ಇದೆಲ್ಲದಕ್ಕೆ ಪ್ರತಿಯಾಗಿ ಹುಟ್ಟಿದ್ದು 1988ರ ಪ್ರಪೊಸಿಷನ್ 98. ರಾಜ್ಯದ ಸಾಮಾನ್ಯ ನಿಧಿಯಲ್ಲಿ, ಅಂದರೆ ಮುಖ್ಯ ಖಜಾನೆಯಲ್ಲಿ, ಸ್ಥೂಲವಾಗಿ ಶೇ. 40ರಷ್ಟು ಶಾಲೆಗಳಿಗೂ ಸಮುದಾಯ ಕಾಲೇಜುಗಳಿಗೂ (ಎರಡು ವರ್ಷದ ಸರ್ಕಾರಿ ಕಾಲೇಜುಗಳು) ಹೋಗಲೇಬೇಕು, ಇಲ್ಲವೇ ಹಿಂದಿನ ವರ್ಷ ಕೊಟ್ಟದ್ದಕ್ಕೆ ಮಕ್ಕಳ ಹಾಜರಾತಿ ಮತ್ತು ಜನರ ತಲಾದಾಯದ ಏರಿಕೆ ಸೇರಿಸಿ ಕೊಡಬೇಕು, ಯಾವುದು ಹೆಚ್ಚೋ ಅದು. ಗೆದ್ದದ್ದು ಶೇ. 51ಕ್ಕೂ ಕಡಿಮೆ ಮತದಿಂದ. ಆದರೂ ಅಂದಿನಿಂದ ಇಂದಿನವರೆಗೆ ಬಜೆಟ್‌ನ ಬೆನ್ನೆಲುಬು ಅದೇ.

ಈಗ 76ಕ್ಕೆ ಬರೋಣ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಅರ್ಥದ ಹೆಸರಿಟ್ಟು ಅದರ ಬೆಂಬಲಿಗರು ಪ್ರಚಾರ ಮಾಡಿದರು. ಒಂದು ವರ್ಷದ ವೆಚ್ಚ ಹಿಂದಿನ ವರ್ಷದ ವೆಚ್ಚಕ್ಕಿಂತ ಎಷ್ಟು ಏರಬಹುದು ಎಂಬುದನ್ನು ಕಳೆದ ಮೂರು ವರ್ಷಗಳ ವರಮಾನದ ಸರಾಸರಿ ಏರಿಕೆಯೇ ನಿರ್ಧರಿಸಬೇಕು ಎಂಬುದು ಮೊದಲ ಭಾಗ. ಇದರಲ್ಲಿ ನನಗೆ ತಕರಾರಿಲ್ಲ. ಎರಡನೆಯ ಭಾಗ ಪ್ರಪೊಸಿಷನ್ 98ರ ಲೆಕ್ಕವನ್ನು ಬದಲಿಸಿತು, ವರಮಾನ ಕುಸಿದ ವರ್ಷದಲ್ಲಿ ಕಡಿತವಾದ ಶಾಲಾ ಅನುದಾನ ಮತ್ತೆ ಹಳೆಯ ಮಟ್ಟಕ್ಕೆ ಏರುವ ದಾರಿಯನ್ನು ಮುಚ್ಚಿತು. ಮೂರನೆಯ ಭಾಗವೇ ಜನರ ಗಂಟಲಲ್ಲಿ ಸಿಕ್ಕಿಕೊಂಡದ್ದು: ಗವರ್ನರ್ ಹಣಕಾಸಿನ ತುರ್ತುಸ್ಥಿತಿ ಘೋಷಿಸಿ 45 ದಿನಗಳೊಳಗೆ ಶಾಸನಸಭೆ ದಾರಿ ಕಂಡುಕೊಳ್ಳದಿದ್ದರೆ, ಮಂಜೂರಾದ ವೆಚ್ಚವನ್ನು ತಮ್ಮ ವಿವೇಚನೆಯಂತೆ ಅವರೇ ಕಡಿಯಬಹುದು.

ಅದಕ್ಕಿಂತ ಒಂದೂವರೆ ವರ್ಷ ಹಿಂದೆ, 2004ರ ಮಾರ್ಚ್‌ನಲ್ಲಿ, ಇದೇ ಗವರ್ನರ್ ಬೆಂಬಲಿಸಿದ್ದ ಪ್ರಪೊಸಿಷನ್ 58ನ್ನು ಇದೇ ಮತದಾರರು ಒಪ್ಪಿದ್ದರು. ಅದರಲ್ಲೂ 45 ದಿನಗಳ ಗಡುವಿದೆ. ಆದರೆ ಗಡುವು ಮೀರಿದರೆ ಶಾಸನಸಭೆ ಬೇರೆ ಮಸೂದೆ ಕೈಗೆತ್ತಿಕೊಳ್ಳುವಂತಿಲ್ಲ, ಸಭೆ ಮುಗಿಸಿ ಹೋಗುವಂತೆಯೂ ಇಲ್ಲ, ಕುಳಿತು ಬಗೆಹರಿಸಲೇಬೇಕು. ಒಂದರಲ್ಲಿ ಪ್ರತಿನಿಧಿಗಳನ್ನು ಕೋಣೆಯಲ್ಲಿ ಕೂರಿಸಿದರು, ಇನ್ನೊಂದರಲ್ಲಿ ಕತ್ತರಿಯನ್ನು ಒಬ್ಬರ ಕೈಗೆ ಕೊಡಹೊರಟರು. ಜನ ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ತಿರಸ್ಕರಿಸಿದ್ದಾರೆ. ಮಿತವ್ಯಯವೇ ಬೇಡ ಎಂದವರ ಮತ ಹೀಗೆ ಬೀಳುವುದಿಲ್ಲ.

ನಿಮ್ಮ ಅಭಿಪ್ರಾಯ ತಿಳಿಸಿ. ಅಂದು ಇಲ್ಲಿದ್ದವರ ಅನುಭವ ಮುಖ್ಯವಾಗಿ ಬೇಕು.

ಲೆಕ್ಕಪರಿಶೋಧಕ

ನಾನು ಅಂದು 76ನ್ನು ಬೆಂಬಲಿಸಿದವನು, ಇಂದೂ ಬೆಂಬಲಿಸುತ್ತೇನೆ. ಈ ರಾಜ್ಯದ ವರಮಾನದ ಸ್ವಭಾವ ನೋಡಿ. ಸಾಮಾನ್ಯ ನಿಧಿಯ ಬಹುಪಾಲು ವೈಯಕ್ತಿಕ ಆದಾಯ ತೆರಿಗೆಯಿಂದ ಬರುತ್ತದೆ, ಅದರಲ್ಲಿ ಅತಿ ಶ್ರೀಮಂತರ ಬಂಡವಾಳ ಲಾಭದ (ಷೇರು, ಆಸ್ತಿ ಮಾರಿ ಗಳಿಸಿದ ಲಾಭ) ಪಾಲು ದೊಡ್ಡದು. ಷೇರು ಪೇಟೆ ಏರಿದ ವರ್ಷ ಹಣ ತುಂಬಿ ಹರಿಯುತ್ತದೆ, ಇಳಿದ ವರ್ಷ ಬತ್ತಿಹೋಗುತ್ತದೆ. 2000ದ ಸುಮಾರಿಗೆ ಡಾಟ್‌ಕಾಮ್ ಹಣ ಬಂದಾಗ ಅದನ್ನು ಶಾಶ್ವತ ಎಂದು ನಂಬಿ ಕಾರ್ಯಕ್ರಮಗಳನ್ನು ಹಿಗ್ಗಿಸಿದರು. 2003ರ ಹೊತ್ತಿಗೆ ಕೊರತೆ ಎಷ್ಟಿತ್ತೆಂದರೆ ಗವರ್ನರ್ ಗ್ರೇ ಡೇವಿಸ್ ಅವರನ್ನೇ ಜನ ಅವಧಿಗೆ ಮೊದಲು ಮನೆಗೆ ಕಳುಹಿಸಿದರು. ಆ ಗುಂಡಿ ಮುಚ್ಚಲು 2004ರಲ್ಲಿ 1,500 ಕೋಟಿ ಡಾಲರ್‌ವರೆಗಿನ ಬಾಂಡ್ ಸಾಲಕ್ಕೆ ಒಪ್ಪಿಗೆ ಪಡೆಯಬೇಕಾಯಿತು. ಸಾಲ ಮಾಡಿ ದಿನದ ಖರ್ಚು ತೂಗಿಸುವುದನ್ನು ಯಾವ ಲೆಕ್ಕಿಗನೂ ಒಪ್ಪಲಾರ.

ಮೂರು ವರ್ಷಗಳ ಸರಾಸರಿ ಎನ್ನುವುದು ಅತ್ಯಂತ ಸೌಮ್ಯವಾದ ಮಿತಿ. ಅದನ್ನು ತಿರಸ್ಕರಿಸಿದ್ದಕ್ಕೆ ರಾಜ್ಯ ಬೆಲೆ ತೆತ್ತಿತು. 2009ರ ಜುಲೈನಲ್ಲಿ ಖಜಾನೆ ಬರಿದಾಗಿ, ತೆರಿಗೆ ಮರುಪಾವತಿಗೆ ಕಾದಿದ್ದವರಿಗೂ ಸರ್ಕಾರಕ್ಕೆ ಸರಕು ಒದಗಿಸಿದ ಸಣ್ಣ ವ್ಯಾಪಾರಿಗಳಿಗೂ ಚೆಕ್ ಬದಲು "ಮುಂದೆ ಕೊಡುತ್ತೇವೆ" ಎಂಬ ಪತ್ರ ಹೋಯಿತು, ಶೇ. 3.75 ಬಡ್ಡಿಯ ಭರವಸೆಯೊಂದಿಗೆ. ನನ್ನ ಕಕ್ಷಿದಾರರಲ್ಲಿ ಒಬ್ಬರು ಅಂಥ ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, "ಇದನ್ನು ತೋರಿಸಿದರೆ ನನ್ನ ಕೆಲಸಗಾರರು ಸಂಬಳ ಎಂದು ಒಪ್ಪುತ್ತಾರೆಯೇ?" ಎಂದು ಕೇಳಿದ್ದರು.

ಶಾಲಾ ಶಿಕ್ಷಕಿ

ಬಹಳ ವರ್ಷಗಳಿಂದ ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಬಜೆಟ್ ಏರಿಳಿತ ತರಗತಿಗೆ ಹೇಗೆ ಬರುತ್ತದೆ ಎಂಬುದನ್ನು ಹೇಳುತ್ತೇನೆ.

ಕ್ಯಾಲಿಫೋರ್ನಿಯಾದ ಕಾನೂನಿನಂತೆ, ಮುಂದಿನ ಶೈಕ್ಷಣಿಕ ವರ್ಷಕ್ಕೆ ಶಿಕ್ಷಕರನ್ನು ಕೈಬಿಡುವ ಸಾಧ್ಯತೆ ಇದ್ದರೆ ಮಾರ್ಚ್ 15ರೊಳಗೆ ನೋಟಿಸ್ ಕೊಡಬೇಕು. ರಾಜ್ಯದ ಬಜೆಟ್ ಆಗುವುದೋ ಜೂನ್‌ನಲ್ಲಿ. ಹಾಗಾಗಿ ಅನುದಾನ ಎಷ್ಟು ಎಂದು ತಿಳಿಯದ ಶಾಲಾ ಜಿಲ್ಲೆಗಳು (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳು) ಅತ್ಯಂತ ಕೆಟ್ಟ ಅಂದಾಜು ಹಿಡಿದು ನೋಟಿಸ್ ಹಂಚುತ್ತವೆ. ನಮ್ಮ ಜಿಲ್ಲೆಯಲ್ಲಿ ಒಂದು ವರ್ಷ ಮೂರನೇ ತರಗತಿಯ ಹೊಸ ಶಿಕ್ಷಕಿಯರೆಲ್ಲರಿಗೂ ಅದು ಬಂತು. ಲಕೋಟೆ ಕೈಗೆ ಬಂದ ಮಧ್ಯಾಹ್ನವೂ ಭಾಗಾಕಾರದ ಪಾಠ ನಡೆಯಲೇಬೇಕು. ಅವರಲ್ಲಿ ಹೆಚ್ಚಿನವರನ್ನು ಮೇ ತಿಂಗಳಲ್ಲಿ ವಾಪಸ್ ಕರೆದರು, ಆದರೆ ಇಬ್ಬರು ಅಷ್ಟರಲ್ಲಿ ಬೇರೆ ಊರಿನಲ್ಲಿ ಕೆಲಸ ಹಿಡಿದಿದ್ದರು. ಒಳ್ಳೆಯ ಶಿಕ್ಷಕಿಯರು. ಅವರು ಹೋದದ್ದು ಯಾವ ಬಜೆಟ್ ಪುಸ್ತಕದಲ್ಲೂ ನಷ್ಟವೆಂದು ದಾಖಲಾಗುವುದಿಲ್ಲ.

ಸಂವಿಧಾನದ ಖಾತರಿ ಇದ್ದೂ ಇಷ್ಟು. ಅದೂ ಇಲ್ಲದಿದ್ದರೆ?

ನಂಬಿಕೆಯ ಮಾತನ್ನೂ ಇಲ್ಲಿ ಹೇಳಲೇಬೇಕು. 2004ರ ಆರಂಭದಲ್ಲಿ ಶ್ವಾರ್ಜ್‌ನೆಗರ್ ಶಿಕ್ಷಣ ವಲಯದ ಸಂಘಟನೆಗಳೊಂದಿಗೆ ಒಪ್ಪಂದ ಮಾಡಿಕೊಂಡರು. ಶಾಲೆಗಳು ಆ ವರ್ಷ ತಮಗೆ ಬರಬೇಕಾದ ಸುಮಾರು 200 ಕೋಟಿ ಡಾಲರ್ ಬಿಟ್ಟುಕೊಡುವುದು, ವರಮಾನ ಸುಧಾರಿಸಿದಾಗ ಶಾಲೆಗಳ ಪಾಲು ಶಾಲೆಗಳಿಗೆ ಮರಳುವುದು. ಶಾಸನಸಭೆ ಪ್ರಪೊಸಿಷನ್ 98ನ್ನು ಆ ವರ್ಷಕ್ಕೆ ಅಮಾನತಿನಲ್ಲಿಟ್ಟಿತು. ಮರುವರ್ಷ ವರಮಾನ ಸುಧಾರಿಸಿತು. ಗವರ್ನರ್ ಮಂಡಿಸಿದ ಬಜೆಟ್‌ನಲ್ಲಿ ಆ ಪಾಲು ಇರಲಿಲ್ಲ. ಅದೇ ವರ್ಷ 76 ಬಂತು, "ಕಡಿತದ ಅಧಿಕಾರ ನನಗೆ ಕೊಡಿ" ಎಂದು. ಮಾತು ಕೊಟ್ಟು ತಪ್ಪಿದವರಿಗೆ ಇನ್ನಷ್ಟು ಅಧಿಕಾರ ಯಾರು ಕೊಡುತ್ತಾರೆ? ನಾನು ಮನೆಮನೆಗೆ ಹೋಗಿ ಪ್ರಚಾರ ಮಾಡಿದೆ. ಬಾಗಿಲು ತೆರೆದ ಬಹುತೇಕರು ಕೇಳಿದ್ದು ಇದನ್ನೇ, ಸೂತ್ರದ ವಿಚಾರವನ್ನಲ್ಲ.

ಹೊಸದಾಗಿ ಬಂದವನು

ಬೆಂಗಳೂರಿನಿಂದ ಇತ್ತೀಚೆಗೆ ಇಲ್ಲಿಗೆ ಬಂದಿದ್ದೇನೆ. ಒಂದು ಸಂದೇಹ. ಪ್ರಪೊಸಿಷನ್ 98 ಸಂವಿಧಾನದಲ್ಲಿದ್ದರೂ ಅಮಾನತಿನಲ್ಲಿಡಬಹುದು ಎಂದಾದರೆ ಅದು ಖಾತರಿ ಹೇಗಾಗುತ್ತದೆ? ಮತ್ತು ಕಡಿತವಾದ ಹಣ "ಹಳೆಯ ಮಟ್ಟಕ್ಕೆ ಏರುವ ದಾರಿ" ಎಂದರೆ ಏನು?

ಸ್ಯಾನ್ ಹೋಸೆ ನಿವಾಸಿ

ಅಮಾನತಿಗೆ ಶಾಸನಸಭೆಯ ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗದ ಮತ ಬೇಕು, ಅದೂ ಒಂದು ವರ್ಷಕ್ಕೆ ಮಾತ್ರ. 2004ರ ನಂತರ 2010ರಲ್ಲೂ 2024ರಲ್ಲೂ ಆ ದಾರಿ ಹಿಡಿದರು. ಸುಲಭವಲ್ಲ, ಅಸಾಧ್ಯವೂ ಅಲ್ಲ.

ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯ. 1990ರಲ್ಲಿ ಪ್ರಪೊಸಿಷನ್ 111 ಮೂಲಕ ಮತದಾರರೇ 98ನ್ನು ತಿದ್ದಿದರು. ವರಮಾನ ಸೊರಗಿದ ವರ್ಷ ಶಾಲೆಗಳಿಗೆ ಕಡಿಮೆ ಕೊಡಬಹುದು, ಆದರೆ ಎಷ್ಟು ಕಡಿಮೆ ಕೊಟ್ಟಿದ್ದೀರಿ ಎಂಬುದು ಕಡತದಲ್ಲಿ ಉಳಿಯುತ್ತದೆ, ವರಮಾನ ಚೇತರಿಸಿದ ವರ್ಷಗಳಲ್ಲಿ ಶಾಲೆಗಳ ಅನುದಾನವನ್ನು ಹೆಚ್ಚು ವೇಗದಲ್ಲಿ ಏರಿಸುತ್ತಾ ಆ ಅಂತರ ತುಂಬಬೇಕು. ಅಮಾನತಿನ ವರ್ಷಕ್ಕೂ ಇದೇ ನಿಯಮ. 76 ಈ ಏರ್ಪಾಟನ್ನೇ ತೆಗೆಯುತ್ತಿತ್ತು. ಅದುವರೆಗಿನ ಬಾಕಿಯನ್ನು 15 ವರ್ಷಗಳಲ್ಲಿ ಕಂತಾಗಿ ತೀರಿಸುವುದು, ಆ ಕಂತುಗಳು ಮುಂದಿನ ವರ್ಷದ ಅನುದಾನದ ತಳಹದಿಗೆ ಸೇರುವುದಿಲ್ಲ, ಮುಂದೆ ಕಡಿತವಾದದ್ದು ಕಡಿತವೇ. ಒಂದು ಕೆಟ್ಟ ವರ್ಷದಲ್ಲಿ ಇಳಿದ ಮಟ್ಟವೇ ನಂತರದ ಎಲ್ಲ ವರ್ಷಗಳ ಮಟ್ಟವಾಗುತ್ತಿತ್ತು. ಮತದಾರರ ಮನೆಗೆ ಅಂಚೆಯಲ್ಲಿ ಬರುವ ಮಾಹಿತಿ ಪುಸ್ತಿಕೆಯಲ್ಲಿ ಇದರ ವಿವರಣೆ ಇತ್ತು. ಮತಪತ್ರದ ಶೀರ್ಷಿಕೆಯಲ್ಲಿಯೇ "ರಾಜ್ಯದ ವೆಚ್ಚ ಮತ್ತು ಶಾಲಾ ಅನುದಾನಕ್ಕೆ ಮಿತಿ" ಎಂಬ ಅರ್ಥದ ಮಾತಿತ್ತು.

ಟ್ಯಾಂಪಾದ ಕನ್ನಡಿಗ

ಫ್ಲಾರಿಡಾದ ಕಥೆಯನ್ನೂ ಸೇರಿಸಬಹುದೇ? ಇಲ್ಲಿ ಇದು ಇನ್ನೂ ಕಗ್ಗಂಟಾಯಿತು.

2000ದಲ್ಲಿ ನಮ್ಮ ಮತದಾರರು ಅತಿವೇಗದ ರೈಲನ್ನು ಸಂವಿಧಾನದಲ್ಲಿ ಬರೆದರು. 2003ರ ನವೆಂಬರ್ 1ರೊಳಗೆ ಕಾಮಗಾರಿ ಆರಂಭವಾಗಬೇಕು ಎಂಬ ದಿನಾಂಕ ಸಹಿತ! ಹಣ ಎಲ್ಲಿಂದ ಎಂಬುದಕ್ಕೆ ಉತ್ತರ ಇರಲಿಲ್ಲ. 2004ರಲ್ಲಿ ಅದೇ ಮತದಾರರು ಅದನ್ನು ಅಳಿಸಿಹಾಕಿದರು. 2002ರಲ್ಲಿ ತರಗತಿಯ ಗಾತ್ರದ ತಿದ್ದುಪಡಿ ಗೆದ್ದಿತು: ಮೂರನೇ ತರಗತಿಯವರೆಗೆ 18 ಮಕ್ಕಳು, ಎಂಟರವರೆಗೆ 22, ಪ್ರೌಢಶಾಲೆಯಲ್ಲಿ 25, ಅದಕ್ಕಿಂತ ಹೆಚ್ಚು ಇರಕೂಡದು. ಆಶಯ ಒಳ್ಳೆಯದೇ. ಆದರೆ ವರ್ಷದ ಮಧ್ಯದಲ್ಲಿ ಹತ್ತೊಂಬತ್ತನೆಯ ಮಗು ಊರಿಗೆ ಬಂದರೆ ಒಂದನೇ ತರಗತಿಯನ್ನು ಒಡೆದು ಹೊಸ ಕೋಣೆ ಹುಡುಕಬೇಕು. 2010ರಲ್ಲಿ, ಶಾಲೆಯ ಸರಾಸರಿ ಹಿಡಿದರೆ ಸಾಕು ಎಂದು ಸಡಿಲಿಸುವ ತಿದ್ದುಪಡಿಯನ್ನು ಜನರ ಮುಂದಿಟ್ಟರು. ಅರ್ಧಕ್ಕಿಂತ ಹೆಚ್ಚು ಜನ ಹೌದು ಎಂದರು, ಆದರೂ ಅದು ಸೋತಿತು. ಏಕೆಂದರೆ 2006ರಲ್ಲಿ, ಸಂವಿಧಾನ ತಿದ್ದುಪಡಿಗೆ ಇನ್ನು ಮುಂದೆ ಶೇ. 60 ಮತ ಬೇಕು ಎಂದು ಮತದಾರರೇ ನಿಯಮ ಬಿಗಿ ಮಾಡಿದ್ದರು. ಅದೂ ಶೇ. 60 ಮುಟ್ಟದ ಮತದಿಂದ. 2002ರಲ್ಲಿ ಸರಳ ಬಹುಮತದಿಂದ ಒಳಗೆ ಬಂದ ನಿಯಮವನ್ನು ಸಡಿಲಿಸಲು ಈಗ ಅದಕ್ಕಿಂತ ದೊಡ್ಡ ಬಹುಮತ ಬೇಕು.

ಖರ್ಚಿನ ಆದೇಶಗಳು ಸಂವಿಧಾನಕ್ಕೆ ಬರದಂತೆ ತಡೆಯಲು ಹೊರಟಾಗ ಈಗಾಗಲೇ ಒಳಗಿರುವವು ಇನ್ನಷ್ಟು ಗಟ್ಟಿಯಾಗುತ್ತವೆ. ಇದಕ್ಕೆ ಯಾರೂ ಸಮಾಧಾನ ಹೇಳಿದ್ದನ್ನು ನಾನು ಕಂಡಿಲ್ಲ.

ಲೆಕ್ಕಪರಿಶೋಧಕ

ಟ್ಯಾಂಪಾದವರ ಉದಾಹರಣೆಗೆ ಅರಿಜೋನಾ ಒಂದು ಮದ್ದು ಕಂಡುಕೊಂಡಿದೆ. 2004ರಲ್ಲಿ ಅಲ್ಲಿನ ಮತದಾರರು ಒಪ್ಪಿದ ಪ್ರಪೊಸಿಷನ್ 101ರ ಪ್ರಕಾರ, ರಾಜ್ಯದ ಹಣವನ್ನು ಕಡ್ಡಾಯವಾಗಿ ಖರ್ಚು ಮಾಡಿಸುವ ಯಾವುದೇ ಜನಪ್ರಸ್ತಾವ ತನ್ನ ವರಮಾನದ ಮೂಲವನ್ನೂ ತಾನೇ ತೋರಿಸಬೇಕು, ಸಾಮಾನ್ಯ ನಿಧಿಯತ್ತ ಬೆರಳು ತೋರಿಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಈ ಮಾದರಿಯವು ಬಂದಿವೆ. 2004ರ ಪ್ರಪೊಸಿಷನ್ 63 ಮಾನಸಿಕ ಆರೋಗ್ಯ ಸೇವೆಗೆ ಹಣ ಬೇಕೆಂದಿತು, ಜೊತೆಗೆ ಹತ್ತು ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ ಶೇ. 1 ತೆರಿಗೆ ಹಾಕಿತು. ಇದು ಪ್ರಾಮಾಣಿಕ ಮಾರ್ಗ.

ಸ್ಯಾನ್ ಹೋಸೆ ನಿವಾಸಿ

ಒಪ್ಪುತ್ತೇನೆ. ಅದಕ್ಕೇ 2002ರ ಪ್ರಪೊಸಿಷನ್ 49 ನನಗೆ ಹೆಚ್ಚು ಕಾಡುತ್ತದೆ. ಶಾಲೆ ಬಿಟ್ಟ ಮೇಲಿನ ಚಟುವಟಿಕೆಗಳಿಗೆ ವರ್ಷಕ್ಕೆ 55 ಕೋಟಿ ಡಾಲರ್‌ವರೆಗೆ ಕೊಡಲೇಬೇಕೆಂದ ಆ ಕಾನೂನು ಯಾವ ಹೊಸ ತೆರಿಗೆಯನ್ನೂ ತರಲಿಲ್ಲ. ರಾಜ್ಯದ ವರಮಾನ ಬೆಳೆದಾಗ ಅದರಿಂದಲೇ ಬರಲಿ ಎಂದಿತು. ಅದರ ಮುಂದಾಳು ಯಾರು? ಆಗಿನ್ನೂ ಚಿತ್ರನಟರಾಗಿದ್ದ ಶ್ವಾರ್ಜ್‌ನೆಗರ್. ಮೂರೇ ವರ್ಷಗಳಲ್ಲಿ ಅವರೇ ಗವರ್ನರ್ ಆಗಿ, ತಾನಾಗಿ ಏರುತ್ತಾ ಹೋಗುವ ವೆಚ್ಚಗಳು ರಾಜ್ಯವನ್ನು ಮುಳುಗಿಸುತ್ತಿವೆ ಎಂದು ವಾದಿಸಿದರು. ಅವರನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಮಕ್ಕಳಿಗೆ ಸಂಜೆ ಸುರಕ್ಷಿತ ಜಾಗ ಬೇಕು ಎಂಬ ಅವರ ಕಾಳಜಿ ನಿಜವಾದದ್ದು, ಬಜೆಟ್ ಕುಸಿಯುತ್ತದೆ ಎಂಬ ಆತಂಕವೂ ನಿಜವಾದದ್ದು. ಒಂದೊಂದು ಪ್ರಸ್ತಾವವನ್ನೂ ಬಿಡಿಯಾಗಿ ನೋಡಿ ಮತ ಹಾಕುವ ಪದ್ಧತಿಯಲ್ಲಿ ಈ ಎರಡು ಕಾಳಜಿಗಳು ಒಂದೇ ಮತಪತ್ರದ ಮೇಲೆ ಭೇಟಿಯಾಗುವುದೇ ಇಲ್ಲ.

ತುಮಕೂರಿನ ಓದುಗ

ನಮ್ಮಲ್ಲಿ ಜನಮತದಿಂದ ಸಂವಿಧಾನ ತಿದ್ದುವ ಪದ್ಧತಿಯೇ ಇಲ್ಲ, ಆದರೂ ಈ ಸಮಸ್ಯೆ ಪರಿಚಿತವೇ. ಕರ್ನಾಟಕ 2002ರಲ್ಲಿ ಹಣಕಾಸು ಹೊಣೆಗಾರಿಕೆ ಕಾಯ್ದೆ ತಂದಿತು, ಭಾರತದ ರಾಜ್ಯಗಳಲ್ಲಿ ಮೊದಲಿಗೆ. ಅದು ಕೊರತೆಗೆ ಹಾಕಿದ ಮಿತಿ. 2013ರಲ್ಲಿ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆ ಬಂತು, ಜನಸಂಖ್ಯೆಗೆ ತಕ್ಕ ಪಾಲನ್ನು ಬಜೆಟ್‌ನಲ್ಲಿ ತೆಗೆದಿಡಲೇಬೇಕು ಎಂದಿತು. ಅದು ಖರ್ಚಿನ ಆದೇಶ. ಆ ಕಾಯ್ದೆಯ 7ಡಿ ಕಲಮು ಎಲ್ಲರಿಗೂ ಉಪಯೋಗವಾಗುವ ಕಾಮಗಾರಿಗಳ ಒಂದು ಪಾಲನ್ನು ಈ ಲೆಕ್ಕಕ್ಕೆ ಹಿಡಿಯಲು ಅವಕಾಶ ಕೊಟ್ಟಿತ್ತು. ಹಣ ಬೇರೆ ಕಡೆ ಹರಿಯುತ್ತಿದೆ ಎಂದು ದಲಿತ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2023ರಲ್ಲಿ ಆ ಕಲಮನ್ನು ತೆಗೆದರು. ಆದೇಶ ಎಷ್ಟೇ ಗಟ್ಟಿಯಾಗಿರಲಿ, ಲೆಕ್ಕ ಬರೆಯುವ ಕಲಮಿನಲ್ಲಿ ಅದು ಸೋರಿಹೋಗಬಹುದು.

ನಮ್ಮ ಬಯಲುಸೀಮೆಯಲ್ಲಿ ಮಳೆ ಚೆನ್ನಾಗಿ ಆದ ವರ್ಷ ಹಗೇವಿಗೆ ರಾಗಿ ತುಂಬುತ್ತಿದ್ದರು, ಎಷ್ಟು ಉಣ್ಣಬೇಕು ಎಂದು ಯಾರೂ ಕಟ್ಟಳೆ ಮಾಡುತ್ತಿರಲಿಲ್ಲ. ನಿಮ್ಮಲ್ಲಿ ಅಂಥ ಏರ್ಪಾಟು ಏನೂ ಇಲ್ಲವೇ?

ಲೆಕ್ಕಪರಿಶೋಧಕ

ಇದೆ. 2014ರ ಪ್ರಪೊಸಿಷನ್ 2. ಪ್ರತಿ ವರ್ಷ ಸಾಮಾನ್ಯ ನಿಧಿಯ ವರಮಾನದ ಶೇ. 1.5, ಅದರ ಜೊತೆ ಬಂಡವಾಳ ಲಾಭದ ತೆರಿಗೆ ಒಂದು ಮಟ್ಟ ಮೀರಿದಾಗ ಆ ಹೆಚ್ಚುವರಿಯನ್ನೂ ಬದಿಗಿಡಬೇಕು. ಅದರಲ್ಲಿ ಅರ್ಧ ಹಳೆಯ ಸಾಲ ತೀರಿಸಲು, ಅರ್ಧ ಮೀಸಲಿಗೆ. ಮೀಸಲು ವರಮಾನದ ಶೇ. 10 ಮುಟ್ಟುವವರೆಗೆ ತುಂಬಬೇಕು. ಗವರ್ನರ್ ಜೆರ್ರಿ ಬ್ರೌನ್ ಮುಂದೆ ನಿಂತು ತಂದರು, ಶಾಸನಸಭೆಯ ಎರಡೂ ಪಕ್ಷಗಳು ಒಪ್ಪಿದವು, ಮತದಾರರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಪ್ಪಿದರು. 76 ಬಯಸಿದ ಸಮತೋಲನದ ಒಂದು ಭಾಗ ಇದರಿಂದ ಸಿಕ್ಕಿತು ಎಂಬುದು ನಿಜ. ಪೂರ್ತಿ ಸಿಗಲಿಲ್ಲ. 2022ರ ಮೇ ತಿಂಗಳಲ್ಲಿ ಸುಮಾರು 10,000 ಕೋಟಿ ಡಾಲರ್ ಹೆಚ್ಚುವರಿ ಎಂದು ಅಂದಾಜು ಮಾಡಿದ ರಾಜ್ಯ ಎರಡೇ ವರ್ಷಗಳಲ್ಲಿ ಭಾರೀ ಕೊರತೆ ಎದುರಿಸಿತು. ಮೀಸಲು ಇದ್ದುದರಿಂದ 2009ರ ಪತ್ರಗಳು ಮತ್ತೆ ಬರಲಿಲ್ಲ, ಅಷ್ಟೇ.

ಫ್ರೀಮಾಂಟ್‌ನ ಅಮ್ಮ

ನವೆಂಬರ್ ಬಂತೆಂದರೆ ನಮ್ಮ ಮನೆಗೆ ಆಸ್ತಿ ತೆರಿಗೆಯ ಬಿಲ್ ಬರುತ್ತದೆ. ಮೊದಲ ಸಾಲಿನಲ್ಲಿ ಶೇ. 1, ಅದರ ಕೆಳಗೆ ಶಾಲಾ ಕಟ್ಟಡದ ಬಾಂಡ್, ಸಮುದಾಯ ಕಾಲೇಜಿನ ಬಾಂಡ್, ಶಾಲೆಗೆಂದು ಪ್ರತಿ ನಿವೇಶನದ ಮೇಲೆ ಹಾಕಿದ ತೆರಿಗೆ, ಹೀಗೆ ಸಾಲು ಬೆಳೆಯುತ್ತದೆ. ಆಗಸ್ಟ್‌ನಲ್ಲಿ ಶಾಲೆಯ ಪೋಷಕರ ಪ್ರತಿಷ್ಠಾನದಿಂದ ಪತ್ರ: ವಿಜ್ಞಾನ ಪ್ರಯೋಗಾಲಯದ ಸಹಾಯಕಿ ಮುಂದುವರಿಯಬೇಕಾದರೆ ಪ್ರತಿ ಮಗುವಿಗೆ ಇಷ್ಟು ಡಾಲರ್ ಕೊಡಿ ಎಂದು. ನಾವು ಕೊಡುತ್ತೇವೆ. ನಮ್ಮ ಕನ್ನಡಿಗ ಕುಟುಂಬಗಳಲ್ಲಿ ಬಹುಪಾಲು ಎರಡು ಸಂಬಳದ ಮನೆಗಳು, ಕೊಡುವ ಶಕ್ತಿ ಇದೆ. ಆದರೆ ಸೆಂಟ್ರಲ್ ವ್ಯಾಲಿಯ ತೋಟಗಳಲ್ಲಿ ಹಣ್ಣು ಕೊಯ್ಯುವವರ ಮಕ್ಕಳ ಶಾಲೆಗೆ ಅಂಥ ಪ್ರತಿಷ್ಠಾನ ಎಲ್ಲಿಂದ ಬರಬೇಕು? ರಾಜ್ಯದ ಖಾತರಿ ಕಡಿಮೆಯಾದರೆ ನಾವು ನಮ್ಮ ಮಕ್ಕಳಿಗಾಗಿ ಇನ್ನಷ್ಟು ದೇಣಿಗೆ ಕೊಟ್ಟು ದಾಟಿಕೊಳ್ಳುತ್ತೇವೆ, ಆ ಮಕ್ಕಳು ಹಿಂದೆ ಉಳಿಯುತ್ತಾರೆ. ಖರ್ಚಿನ ಮಿತಿಯ ಬಗ್ಗೆ ಮಾತನಾಡುವಾಗ ಈ ಮಾತು ಏಕೆ ಬರುವುದಿಲ್ಲ ಎಂದು ನನಗೆ ಸಂಕಟವಾಗುತ್ತದೆ.

ಸ್ಯಾನ್ ಹೋಸೆ ನಿವಾಸಿ

ನಿಮ್ಮ ಮಾತಿಗೆ ಕೃತಜ್ಞತೆಗಳು, ಮೇಡಂ. ನನ್ನ ನಿಲುವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತೇನೆ.

ಪ್ರಪೊಸಿಷನ್ 13 ವರಮಾನದ ಕಡೆಯಿಂದ ಕೈ ಕಟ್ಟಿತು, 98 ವೆಚ್ಚದ ಕಡೆಯಿಂದ. ಇವೆರಡರ ನಡುವೆ ಶಾಸನಸಭೆಗೆ ಅಲುಗಾಡಲು ಉಳಿದ ಜಾಗದಲ್ಲೇ ವಿಶ್ವವಿದ್ಯಾಲಯ, ವೃದ್ಧರ ಆರೈಕೆ, ಬಡವರ ವೈದ್ಯಕೀಯ ನೆರವು ಎಲ್ಲವೂ ಬರಬೇಕು. ಹಾಗಾಗಿ ಖರ್ಚಿನ ಆದೇಶಗಳಿಗೆ ಅಂಕೆ ಬೇಡ ಎಂದು ನಾನು ಹೇಳುವುದಿಲ್ಲ. ಒಂದು ಕಡೆಯ ಕಟ್ಟನ್ನು ಮಾತ್ರ ಬಿಗಿಮಾಡುವ, ಅದರ ತುದಿಯನ್ನು ಒಬ್ಬ ಅಧಿಕಾರಿಯ ಕೈಗೆ ಕೊಡುವ ಅಂಕೆ ಬೇಡ. ಹೊಸ ಆದೇಶ ತರುವವರು ವರಮಾನ ತೋರಿಸಲಿ. ಹತ್ತು ಹದಿನೈದು ವರ್ಷಕ್ಕೊಮ್ಮೆ ಪ್ರತಿ ಆದೇಶವೂ ಮತ್ತೆ ಮತದಾರರ ಮುಂದೆ ಬರಲಿ. ಕಡಿತ ಅನಿವಾರ್ಯವಾದ ವರ್ಷ ಶಾಸನಸಭೆ ಬಹಿರಂಗವಾಗಿ ಮತ ಹಾಕಿ ಕಡಿಯಲಿ, ಎಷ್ಟು ಕಡಿಯಿತು ಎಂಬುದು ಕಡತದಲ್ಲಿ ಉಳಿಯಲಿ.

ಲೆಕ್ಕಪರಿಶೋಧಕ

ಮರುಪರಿಶೀಲನೆಯ ಅವಧಿ ಎಲ್ಲದಕ್ಕೂ ಅನ್ವಯಿಸುವುದಾದರೆ ಪ್ರಪೊಸಿಷನ್ 13ಕ್ಕೂ ಅನ್ವಯಿಸಬೇಕು. ಹೇಳಲು ಧೈರ್ಯವಿದೆಯೇ?

ಸ್ಯಾನ್ ಹೋಸೆ ನಿವಾಸಿ

ಇದೆ. 98ಕ್ಕೂ ಅನ್ವಯಿಸಲಿ, 13ಕ್ಕೂ ಅನ್ವಯಿಸಲಿ.

ಶಾಲಾ ಶಿಕ್ಷಕಿ

ನಾನು ಇದನ್ನು ಒಪ್ಪಲಾರೆ. 98 ಪ್ರತಿ ಹದಿನೈದು ವರ್ಷಕ್ಕೊಮ್ಮೆ ಮತಕ್ಕೆ ಬಂದರೆ ಪ್ರತಿ ಬಾರಿಯೂ ನಾವು ಪಾಠ ಬಿಟ್ಟು ಬೀದಿಗಿಳಿಯಬೇಕು, ಎದುರಿನವರ ಹಣಕ್ಕೆ ಸಮನಾಗಿ ಹಣ ಕೂಡಿಸಬೇಕು. ಲೆಕ್ಕಪರಿಶೋಧಕರು ಹೊಗಳಿದ ಪ್ರಪೊಸಿಷನ್ 2ರಲ್ಲೂ ಶಾಲೆಗಳಿಗೆ ಒಂದು ಮುಳ್ಳಿದೆ. ರಾಜ್ಯದ ಶಾಲಾ ಮೀಸಲು ಒಂದು ಮಟ್ಟ ತಲುಪಿದರೆ ಬಹುತೇಕ ಜಿಲ್ಲೆಗಳು ತಮ್ಮ ಸ್ವಂತ ಮೀಸಲನ್ನು ಶೇ. 10ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನು ಅದರ ಬೆನ್ನಿಗೇ ಬಂತು. ಉಳಿಸಿ ಎಂದು ಉಪದೇಶಿಸುವವರೇ ಜಿಲ್ಲೆಗಳಿಗೆ ಉಳಿಸಬೇಡಿ ಎಂದಂತಾಯಿತು.

ಇನ್ನೊಂದು ವಿಷಯ ಎಲ್ಲರೂ ಗುರುತು ಹಾಕಿಕೊಳ್ಳಿ. 2012ರ ಪ್ರಪೊಸಿಷನ್ 30 ತಂದ, 2016ರ ಪ್ರಪೊಸಿಷನ್ 55 ವಿಸ್ತರಿಸಿದ ಮೇಲ್ವರ್ಗದ ಆದಾಯ ತೆರಿಗೆ 2030ರ ಕೊನೆಗೆ ಮುಗಿಯುತ್ತದೆ. ಅದರಲ್ಲಿ ದೊಡ್ಡ ಪಾಲು ಶಾಲೆಗಳಿಗೆ ಹೋಗುತ್ತಿದೆ. ಅದಕ್ಕೆ ಮೊದಲೇ ಈ ಪ್ರಶ್ನೆ ಮತ್ತೆ ಮತಪತ್ರಕ್ಕೆ ಬರುವ ಸಾಧ್ಯತೆ ದೊಡ್ಡದು. ಪೌರತ್ವ ಸಿಕ್ಕಿಯೂ ಮತದಾರರ ಪಟ್ಟಿಗೆ ಹೆಸರು ಸೇರಿಸದ ಕನ್ನಡಿಗರು ನನಗೆ ಗೊತ್ತಿರುವವರಲ್ಲೇ ಅನೇಕರಿದ್ದಾರೆ. ದಯವಿಟ್ಟು ಈ ವರ್ಷವೇ ಸೇರಿಸಿಕೊಳ್ಳಿ.